ಮನೆಯ ಕ್ಯಾಮರಾ ಯಾರ ನಂಬರಿನಲ್ಲಿದೆ?

ಏಣಿ ಇಳಿದ ಹುಡುಗ ಡ್ರಿಲ್ ಮಷಿನ್ ಪಕ್ಕಕ್ಕಿಟ್ಟು, ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡು ಕೇಳುತ್ತಾನೆ: 'ಸರ್, ಯಾರ ನಂಬರ್ ಹಾಕ್ಲಿ?' ದಾವಣಗೆರೆಯಲ್ಲಿ ಸಿಸಿ ಕ್ಯಾಮರಾ ಹಾಕಿಸಿಕೊಂಡ ಮನೆಗಳಲ್ಲಿ ಈ ಗಳಿಗೆ ಬಂದೇ ಬಂದಿರುತ್ತದೆ. ಯಜಮಾನರು ತಮ್ಮ ಹತ್ತು ಅಂಕಿ ಹೇಳುತ್ತಾರೆ. ಓಟಿಪಿ ಬರುತ್ತದೆ. ಕ್ಯಾಮರಾದ ತಳಕ್ಕೆ ಅಂಟಿಸಿದ ಕ್ಯೂಆರ್ ಚೀಟಿಯನ್ನು ಹುಡುಗ ಸ್ಕ್ಯಾನ್ ಮಾಡುತ್ತಾನೆ. ಅಡುಗೆಮನೆಯಿಂದ ಟೀ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಟೀ ತಂದವರನ್ನು ಯಾರೂ ಏನೂ ಕೇಳಿರುವುದಿಲ್ಲ.

ಆ ಒಂದು ನಿಮಿಷದಲ್ಲಿ ಮನೆಯೊಳಗೆ ಏನು ಬದಲಾಯಿತು ಎಂಬುದನ್ನು ಬಿಡಿಸಿ ಹೇಳಬೇಕಿದೆ. ಕ್ಯಾಮರಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹಗಲು ಹೊತ್ತಿನಲ್ಲಿ ಬೀಗ ಮುರಿಯುವವರಿಗೆ ಹೆದರಿ ಗೇಟಿನ ಮೇಲೊಂದು ಕ್ಯಾಮರಾ ಹಾಕಿಸಿದವರ ಭಯ ನಿಜವಾದದ್ದು. ಆದರೆ ಕಳ್ಳನಿಗೆಂದು ತಂದ ಸಾಮಾನು ಮನೆಯ ಹೆಂಗಸಿನ ಮೇಲೆ, ವಯಸ್ಸಾದ ತಾಯಿಯ ಮೇಲೆ, ಕಾಲೇಜಿಗೆ ಹೋಗುವ ಮಗಳ ಮೇಲೆ ತಿರುಗುವುದು ಎಷ್ಟು ಸಲೀಸು ಎಂಬುದು ಅದರ ಕೆಲಸದ ರೀತಿ ತಿಳಿದರೆ ಮಾತ್ರ ಅರ್ಥವಾಗುತ್ತದೆ.

ಮನೆಗಿಂತ ಮೊದಲು ಬೀದಿಯ ಕ್ಯಾಮರಾ ನೋಡೋಣ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20 ಊರುಗಳ ಪಟ್ಟಿ ಹೊರಬಿದ್ದಾಗ ಅದರಲ್ಲಿ ಕರ್ನಾಟಕದವು ಎರಡೇ ಇದ್ದವು, ಬೆಳಗಾವಿ ಮತ್ತು ದಾವಣಗೆರೆ. ಸರ್ಕಲ್‌ಗಳಿಗೆ ಕ್ಯಾಮರಾ ಬಂದವು, ಅವನ್ನು ಒಂದೆಡೆ ಕೂತು ನೋಡುವ ಕಮಾಂಡ್ ಸೆಂಟರ್ ಬಂತು. ಜನ ಸೇರುವ ಅಂಗಡಿ, ಆಸ್ಪತ್ರೆ, ಕಲ್ಯಾಣ ಮಂಟಪಗಳಂಥ ಕಡೆ ಕ್ಯಾಮರಾ ಇರಲೇಬೇಕೆಂದು 2017ರಲ್ಲಿ ರಾಜ್ಯ ಒಂದು ಸಾರ್ವಜನಿಕ ಸುರಕ್ಷತಾ ಕಾಯ್ದೆಯನ್ನೂ ಮಾಡಿತು. ಬೀದಿಯ ಕ್ಯಾಮರಾಕ್ಕೆ ಟೆಂಡರ್ ಇದೆ, ಹೊಣೆ ಹೊತ್ತ ಅಧಿಕಾರಿ ಇದ್ದಾರೆ. ನಡುಮನೆಯ ಕ್ಯಾಮರಾಕ್ಕೆ ಇದಾವುದೂ ಇಲ್ಲ. ಅದಕ್ಕಿರುವುದು ಒಂದು ಮೊಬೈಲ್ ನಂಬರ್ ಮಾತ್ರ.

ಮೊದಲು ಸ್ಕ್ಯಾನ್ ಮಾಡಿದವರೇ ಒಡೆಯರು

ವೈಫೈ ಕ್ಯಾಮರಾ ಮನೆಯಲ್ಲಿ ಕೂತಿದ್ದರೂ ಅದರ ಜಾತಕ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಮೊದಲ ಸಲ ಯಾವ ಖಾತೆಯಿಂದ ಸ್ಕ್ಯಾನ್ ಆಯಿತೋ ಆ ಖಾತೆಯನ್ನೇ ಸರ್ವರ್ ಒಡೆಯ ಎಂದು ಬರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ನೋಡುವುದು, ಕೇಳುವುದು, ಹಳೆಯ ರೆಕಾರ್ಡಿಂಗ್ ತೆಗೆಯುವುದು, ಅಳಿಸುವುದು, ಕ್ಯಾಮರಾ ತಿರುಗಿಸುವುದು, ಇನ್ನೊಬ್ಬರಿಗೆ ನೋಡಲು ಬಿಡುವುದು, ಬಿಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವುದು ಎಲ್ಲವೂ ಆ ಖಾತೆಯ ಹಕ್ಕು. ಮನೆಯವರಿಗೆ 'ಶೇರ್' ಮಾಡಿದರೆ ಅವರಿಗೆ ಸಿಗುವುದು ಒಡೆಯರು ಬಿಟ್ಟುಕೊಟ್ಟಷ್ಟು ಅನುಮತಿ ಮಾತ್ರ. ಕ್ಯಾಮರಾದ ಎದುರು ದಿನಕ್ಕೆ ಹದಿನೆಂಟು ಗಂಟೆ ಓಡಾಡುವವರು ಅದರ ಲೆಕ್ಕದಲ್ಲಿ ಯಾರೂ ಅಲ್ಲ. ಅವರು ಬರೀ 'ಮೋಷನ್', ಅಂದರೆ ಚಲನೆ.

ಈ ಚಲನೆ ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು. ಚಿತ್ರದಲ್ಲಿ ಏನಾದರೂ ಅಲುಗಾಡಿದರೆ ಕ್ಯಾಮರಾ ಒಂದು ಸಂದೇಶ ಕಳಿಸುತ್ತದೆ. ಆ ಸಂದೇಶ ಮನೆಯ ರೂಟರಿನಿಂದ ಕಂಪನಿಯ ಸರ್ವರ್‌ಗೆ, ಅಲ್ಲಿಂದ ಒಡೆಯರ ಫೋನಿಗೆ ಹೋಗುತ್ತದೆ. ಫೋನು ಮಂಡಿಪೇಟೆಯ ಅಂಗಡಿಯ ಗಲ್ಲಾದ ಮೇಲಿರಲಿ, ಬೆಂಗಳೂರಿನಲ್ಲಿರಲಿ, ದುಬೈನಲ್ಲಿರಲಿ, ಕೆಲವೇ ಕ್ಷಣಗಳ ಕೆಲಸ. ಗೇಟಿನ ಹೊರಗೆ ನೋಡುವ ಕ್ಯಾಮರಾದಲ್ಲಿ ಇದು ಉಪಯೋಗದ ಗುಣ, ಅಪರಿಚಿತರು ಬಂದರೆ ತಿಳಿಯುತ್ತದೆ. ಅದೇ ಕ್ಯಾಮರಾವನ್ನು ಹಾಲ್‌ನಲ್ಲಿಟ್ಟರೆ ಮನೆಯಲ್ಲಿ ಉಳಿದವರು ಎಷ್ಟು ಗಂಟೆಗೆ ಎದ್ದರು, ಯಾವಾಗ ಬಾಗಿಲು ತೆಗೆದರು, ಎಷ್ಟು ಹೊತ್ತು ಹೊರಗಿದ್ದರು, ಯಾರೊಂದಿಗೆ ಫೋನಿನಲ್ಲಿ ಮಾತಾಡಿದರು ಎಂಬ ದಿನಚರಿ ಇನ್ನೊಬ್ಬರ ಕೈಯಲ್ಲಿ ತಾನೇ ತಾನಾಗಿ ಬರೆಯಲ್ಪಡುತ್ತದೆ. ಬರೆದುಕೊಳ್ಳಬೇಕೆಂದು ಅವರು ಉದ್ದೇಶಿಸಬೇಕೆಂದೂ ಇಲ್ಲ. ಫೋನು ಟಿಣ್ ಎಂದಾಗಲೆಲ್ಲ ಕಣ್ಣು ಹೋಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ನೋಡದೆ ಇರಲು ಆಗುವುದಿಲ್ಲ.

ಇನ್ನು ಮಾತು. ಈಗಿನ ಸಣ್ಣ ಕ್ಯಾಮರಾಗಳಲ್ಲಿ ಮೈಕೂ ಇರುತ್ತದೆ, ಸ್ಪೀಕರೂ ಇರುತ್ತದೆ. ಚಿತ್ರಕ್ಕಿಂತ ಧ್ವನಿ ಅಪಾಯ ಎಂಬುದು ನನ್ನ ಅಭಿಪ್ರಾಯ. ಚಿತ್ರಕ್ಕೆ ಒಂದು ಕೋನ ಇದೆ, ಮೂಲೆ ಸೇರಿದರೆ ಮರೆಯಾಗಬಹುದು. ಧ್ವನಿಗೆ ಮೂಲೆ ಇಲ್ಲ. ತವರಿನೊಂದಿಗೆ ಆಡಿದ ಮಾತು, ಪಕ್ಕದ ಮನೆಯವರ ಜೊತೆ ಮಂಡಕ್ಕಿ ತಿನ್ನುತ್ತ ಹಂಚಿಕೊಂಡ ಕಷ್ಟ ಎಲ್ಲವೂ ಮೆಮೊರಿ ಕಾರ್ಡಿಗೆ ಹೋಗುತ್ತದೆ. ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ, ಆದರೆ ಅಷ್ಟರೊಳಗೆ ಬೇಕಾದ ತುಣುಕನ್ನು ಒಡೆಯರು ಫೋನಿಗೆ ಇಳಿಸಿಕೊಂಡಿರಬಹುದು. ಸ್ಪೀಕರಿನ ಕತೆ ಇನ್ನೊಂದು. ಒಂದು ಮನೆಯನ್ನು ಊಹಿಸಿಕೊಳ್ಳಿ: ಬೆಳಿಗ್ಗೆ ಹನ್ನೊಂದಕ್ಕೆ ಸೊಪ್ಪಿನವಳ ಹತ್ತಿರ ನಾಲ್ಕು ಮಾತಾಡುತ್ತಿರುವಾಗ ತಲೆಯ ಮೇಲಿನಿಂದ ಗಂಡನ ದನಿ: 'ಯಾರೇ ಅದು ಗೇಟತ್ರ? ಅವಾಗ್ಲಿಂದ ನಿಂತಿದೀಯಲ್ಲ.' ಬೈಗುಳವಲ್ಲ, ಹೊಡೆತವಲ್ಲ, ಇಷ್ಟೇ. ಮರುದಿನದಿಂದ ಆಕೆ ಗೇಟಿಗೆ ಬರುವುದು ಕಡಿಮೆಯಾಗುತ್ತದೆ. ಕಟ್ಟೆಯ ಮೇಲಿನ ಮಾತು ಎಲ್ಲಕ್ಕಿಂತ ಮೊದಲು ಸಾಯುತ್ತದೆ.

ಕರೆಂಟು ಹೋದಾಗ ಏನಾಗುತ್ತದೆ ಎಂಬುದೂ ತಿಳಿದಿರಬೇಕು. ಬೆಸ್ಕಾಂ ಕರೆಂಟು ಹೋಗಿ, ಯುಪಿಎಸ್ ಇಲ್ಲದ ಮನೆಯಲ್ಲಿ ರೂಟರ್ ಆರಿತೆಂದರೆ ಒಡೆಯರ ಫೋನಿನಲ್ಲಿ ಕ್ಯಾಮರಾ 'ಆಫ್‌ಲೈನ್' ಎಂದು ಕಾಣುತ್ತದೆ. ಲೋಡ್ ಶೆಡ್ಡಿಂಗ್ ಆದದ್ದೋ, ಯಾರೋ ಪ್ಲಗ್ ಕಿತ್ತದ್ದೋ ಸರ್ವರ್‌ಗೆ ತಿಳಿಯುವುದಿಲ್ಲ. ಅದಕ್ಕೆ ಎರಡೂ ಒಂದೇ. ಸಂಶಯದ ಮನಸ್ಸಿಗೆ ಮಾತ್ರ ಎರಡೂ ಒಂದೇ ಅಲ್ಲ, ಪ್ರತಿ ಸಲವೂ 'ಯಾಕೆ ಆಫ್ ಮಾಡ್ದೆ?' ಎಂಬ ಫೋನು ಬರುತ್ತದೆ. ಇನ್ವರ್ಟರ್ ಇಲ್ಲದ ತಪ್ಪಿಗೆ ಮನೆಯಲ್ಲಿರುವ ಹೆಂಗಸು ಉತ್ತರ ಕೊಡಬೇಕಾಗುತ್ತದೆ.

ವೈರ್ ಎಳೆದು ಡಿವಿಆರ್ ಪೆಟ್ಟಿಗೆಗೆ ಜೋಡಿಸುವ ಹಳೆಯ ಬಗೆಯ ಕ್ಯಾಮರಾದಲ್ಲಿ ರೆಕಾರ್ಡಿಂಗ್ ಮನೆಯ ಹಾರ್ಡ್ ಡಿಸ್ಕಿನಲ್ಲೇ ಇರುತ್ತದೆ. ಅದಕ್ಕೆ ನೆಟ್ ಕೊಟ್ಟು ಮೊಬೈಲಿನಲ್ಲಿ ನೋಡುವಂತೆ ಮಾಡಿದ್ದರೆ ಮೇಲಿನದೆಲ್ಲ ಅದಕ್ಕೂ ಅನ್ವಯ. ಜೊತೆಗೆ ಇನ್ನೊಂದು ಎಚ್ಚರ: ಹಾಕಿದವರು ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದರೆ ಆ ಅಂಗಡಿಯವರೂ ಒಳಗೆ ಇಣುಕಬಹುದು. ಕ್ಯಾಮರಾ ಹಾಕಿದ ದಿನವೇ ಅದನ್ನು ಬದಲಿಸಿ.

ಬೀಗ, ಸ್ಪೀಕರ್, ಟೋಲ್ ಗೇಟು

ಕ್ಯಾಮರಾ ಕಣ್ಣಿಗೆ ಕಾಣುತ್ತದೆ. ಕಾಣದವು ಬೇರೆ ಇವೆ. ಬೆರಳಿಟ್ಟು ತೆಗೆಯುವ ಸ್ಮಾರ್ಟ್ ಬೀಗಕ್ಕೆ ಆ್ಯಪ್ ಇದ್ದರೆ ಯಾರ ಬೆರಳು ಎಷ್ಟು ಗಂಟೆಗೆ ಬಾಗಿಲು ತೆಗೆಯಿತು ಎಂಬ ಪಟ್ಟಿ ಅದರಲ್ಲಿರುತ್ತದೆ, ಒಬ್ಬರ ಬೆರಳಚ್ಚನ್ನು ಅಳಿಸಿ ಅವರನ್ನು ಹೊರಗಿಡುವ ಗುಂಡಿಯೂ ಅದರಲ್ಲೇ ಇರುತ್ತದೆ. ಅಲೆಕ್ಸಾದಂಥ ಸ್ಪೀಕರಿಗೆ ಹೇಳಿದ ಮಾತುಗಳ ಚರಿತ್ರೆ ಖಾತೆದಾರರ ಆ್ಯಪಿನಲ್ಲಿ ಸಿಗುತ್ತದೆ. 'ಡ್ರಾಪ್ ಇನ್' ಎಂಬ ಸೌಲಭ್ಯ ತೆರೆದಿದ್ದರೆ, ಈ ಕಡೆಯವರು ಕರೆ ಎತ್ತದಿದ್ದರೂ ದೂರದಿಂದ ಕೋಣೆಯ ಮಾತು ಕೇಳಬಹುದು. ವೈಫೈ ರೂಟರಿನ ಆ್ಯಪ್ ತೆರೆದರೆ ಈಗ ಯಾವ ಯಾವ ಫೋನು ಮನೆಯ ನೆಟ್ಟಿಗೆ ಅಂಟಿಕೊಂಡಿವೆ ಎಂದು ಕಾಣುತ್ತದೆ. ಒಂದು ಫೋನು ಆ ಪಟ್ಟಿಯಿಂದ ಮಾಯವಾಯಿತೆಂದರೆ, ಆ ಫೋನಿನವರು ಮನೆ ಬಿಟ್ಟರು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ.

ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಇಷ್ಟೆಲ್ಲ ಸಾಮಾನು ಇಲ್ಲ ನಿಜ. ಆದರೆ ಸ್ಮಾರ್ಟ್ ಮನೆ ಕೊಳ್ಳದವರೂ ಅದರ ಬಲೆಯೊಳಗೆ ಇರಬಹುದು. ಕಾರಿನಲ್ಲಿ ಚಿತ್ರದುರ್ಗದ ಕಡೆ ಹೊರಟರೆ ಹೆಬ್ಬಾಳು ಟೋಲ್‌ನಲ್ಲಿ ಫಾಸ್ಟ್ಯಾಗ್ ದುಡ್ಡು ಕಡಿತವಾದ ಮೆಸೇಜು ನೋಂದಾಯಿತ ನಂಬರಿಗೆ ಹೋಗುತ್ತದೆ, ಟೋಲಿನ ಹೆಸರಿನ ಸಮೇತ. ಬ್ಯಾಂಕ್ ಖಾತೆಗೆ ಗಂಡನ ನಂಬರ್ ಕೊಟ್ಟಿದ್ದರೆ ಹೆಂಡತಿ ಔಷಧಿ ಅಂಗಡಿಯಲ್ಲಿ ಕೊಟ್ಟ ನೂರು ರೂಪಾಯಿಯ ಮೆಸೇಜೂ ಅವನಿಗೇ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ಸುದ್ದಿಯೂ ಹಾಗೆಯೇ, ಹಣ ಯಾರ ಹೆಸರಿನಲ್ಲಿದ್ದರೂ ಸುದ್ದಿ ನಂಬರ್ ಇದ್ದವರಿಗೆ ಮುಟ್ಟುತ್ತದೆ. ಇದರ ಪಕ್ಕದಲ್ಲಿ ಒಂದು ಬೇರೆ ಪ್ರಯಾಣ ಇಟ್ಟು ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹರಿಹರದಿಂದ ದಾವಣಗೆರೆಗೆ ಸರ್ಕಾರಿ ಬಸ್ಸಿನಲ್ಲಿ ಬರುವ ಹೆಂಗಸು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳೆ. ಆ ಟಿಕೆಟ್ಟಿನ ಮೆಸೇಜು ಯಾರ ಫೋನಿಗೂ ಹೋಗುವುದಿಲ್ಲ. ಈ ಯೋಜನೆಯ ಬಗ್ಗೆ ದುಡ್ಡಿನ ಲೆಕ್ಕದ ಚರ್ಚೆ ಬಹಳ ನಡೆದಿದೆ. ಯಾರಿಗೂ ವರದಿ ಒಪ್ಪಿಸದೆ ಹದಿನಾಲ್ಕು ಕಿಲೋಮೀಟರ್ ಹೋಗಿ ಬರುವುದಕ್ಕೆ ಎಷ್ಟು ಬೆಲೆ ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಕಿಟಕಿ ಫೋನು. ಹೊಸ ಫೋನು ಕೊಂಡಾಗ ಜಿಮೇಲ್ ಖಾತೆಯನ್ನು ಗಂಡನೋ ಅಣ್ಣನೋ ಮೊಬೈಲ್ ಅಂಗಡಿಯವರೋ ಮಾಡಿಕೊಟ್ಟು, ಪಾಸ್‌ವರ್ಡನ್ನು ಡಬ್ಬಿಯ ಮೇಲೆ ಬರೆದಿಡುವ ರೂಢಿ ಇದೆ. ಸಹಾಯವೆಂದೇ ಮಾಡಿರುತ್ತಾರೆ. ಆದರೆ ಆ ಪಾಸ್‌ವರ್ಡ್ ಗೊತ್ತಿರುವವರು ಬೇರೆ ಫೋನಿನಲ್ಲಿ ಅದೇ ಖಾತೆ ತೆರೆದರೆ ಫೋನು ಈಗ ಎಲ್ಲಿದೆ ಎಂದು ನೋಡಬಹುದು, ಬ್ಯಾಕಪ್ ಆದ ಫೋಟೊ ನೋಡಬಹುದು, ಉಳಿಸಿದ ನಂಬರುಗಳು, ಹುಡುಕಿದ ವಿಷಯಗಳು, ನೋಡಿದ ವಿಡಿಯೊಗಳನ್ನು ಓದಬಹುದು. ವಾಟ್ಸಾಪಿಗೆ ಅದೂ ಬೇಡ. ಫೋನು ಒಂದು ನಿಮಿಷ ಕೈಗೆ ಸಿಕ್ಕರೆ ಸಾಕು, ತಮ್ಮ ಕಂಪ್ಯೂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿಕೊಂಡರೆ ಬರುವ ಹೋಗುವ ಮೆಸೇಜೆಲ್ಲ ಅಲ್ಲೂ ಕಾಣುತ್ತದೆ. ಒಂದು ವಾಟ್ಸಾಪ್ ಖಾತೆಗೆ ಹೀಗೆ ನಾಲ್ಕು ಸಾಧನಗಳ ತನಕ ಜೋಡಿಸಬಹುದು.

ಇದಕ್ಕೂ ಮುಂದಿನದು ಗೂಢಚಾರಿ ಆ್ಯಪ್. ಪ್ಲೇ ಸ್ಟೋರಿನ ಹೊರಗಿನಿಂದ ಇಳಿಸಿ, ಫೋನಿನ ರಕ್ಷಣೆಯನ್ನು ಬಂದ್ ಮಾಡಿ, ಬೇರೆ ಯಾವುದೋ ಹೆಸರಿನಲ್ಲಿ ಅಡಗಿಸಿಡುವ ತಂತ್ರಾಂಶ ಇದು. ಕರೆ, ಮೆಸೇಜು, ಜಾಗ, ಕೆಲವೊಮ್ಮೆ ಮೈಕನ್ನೂ ಅದು ಇನ್ನೊಬ್ಬರಿಗೆ ಒಪ್ಪಿಸುತ್ತದೆ. ಸೈಬರ್ ಭದ್ರತೆಯ ಕಂಪನಿ ಕ್ಯಾಸ್ಪರ್‌ಸ್ಕಿ 2023ರ ತನ್ನ ಲೆಕ್ಕದಲ್ಲಿ ಇಂಥ ಆ್ಯಪ್ ಸಿಕ್ಕ ಫೋನುಗಳ ಪಟ್ಟಿಯಲ್ಲಿ ಭಾರತವನ್ನು ರಷ್ಯಾ, ಬ್ರೆಜಿಲ್‌ಗಳ ನಂತರ ಮೂರನೆಯ ಜಾಗದಲ್ಲಿ ಇಟ್ಟಿತ್ತು. ಅದು ಅವರ ತಂತ್ರಾಂಶ ಇರುವ ಫೋನುಗಳ ಲೆಕ್ಕ ಮಾತ್ರ.

ಕಾವಲು ಎಲ್ಲಿ ಮುಗಿಯುತ್ತದೆ

ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೆ ಮುಂದಿನ ತಲೆಮಾರು ಕೆಲಸ ಹುಡುಕಿಕೊಂಡು ಊರು ಬಿಟ್ಟಿತು. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ, ವಯಸ್ಸಾದವರು ಹಳೆಯ ಮನೆಯಲ್ಲೇ ಇದ್ದಾರೆ. ಅಂಥ ಒಂದು ಮನೆಯ ಹಾಲ್‌ನಲ್ಲಿ ಮಗ ಕ್ಯಾಮರಾ ಇಟ್ಟರೆ ಅದನ್ನು ಕಣ್ಗಾವಲು ಎನ್ನಬೇಕೇ? ತಾಯಿ ಜಾರಿ ಬಿದ್ದು ಏಳಲಾರದೆ ಹೋದ ದಿನ ಆ ಕ್ಯಾಮರಾ ಜೀವ ಉಳಿಸಬಹುದು. ಅದೇ ಕ್ಯಾಮರಾದಲ್ಲಿ ದಿನವೂ 'ಯಾಕವ್ವ, ಇನ್ನೂ ಊಟ ಮಾಡಿಲ್ಲ? ಯಾರು ಬಂದಿದ್ರು? ಅವರಿಗ್ಯಾಕೆ ದುಡ್ಡು ಕೊಟ್ಟೆ?' ಎಂಬ ವಿಚಾರಣೆಯೂ ನಡೆಯಬಹುದು. ಸಾಮಾನು ಒಂದೇ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ?

ನಾನು ಮೂರು ವಿಷಯ ನೋಡುತ್ತೇನೆ. ಕ್ಯಾಮರಾದ ಮುಖ ಹೊರಗಿದೆಯೋ ಒಳಗಿದೆಯೋ ಎಂಬುದು ಒಂದು. ಹೊರಗಿದ್ದರೆ ಅದು ಎಲ್ಲರನ್ನೂ ಕಾಯುತ್ತದೆ, ಒಳಗಿದ್ದರೆ ಯಾರೋ ಒಬ್ಬರನ್ನು ಕಾಯುತ್ತದೆ. ಅದರಲ್ಲಿ ಕಾಣುವವರಿಗೂ ಅದೇ ಚಿತ್ರ, ಅದೇ ಹಕ್ಕು ಇದೆಯೇ ಎಂಬುದು ಇನ್ನೊಂದು. ಮೂರನೆಯದೇ ಮುಖ್ಯ: ಅದರ ಎದುರು ಬದುಕುವವರು 'ಇವತ್ತು ಬೇಡ' ಎಂದು ಆರಿಸಿದರೆ ಮನೆಯಲ್ಲಿ ಏನಾಗುತ್ತದೆ? ಏನೂ ಆಗುವುದಿಲ್ಲವೆಂದರೆ ಅದು ಕಾವಲು. ಜಗಳ, ಮೌನ, ಅವಮಾನ, ಖರ್ಚಿಗೆ ಕಾಸು ನಿಲ್ಲಿಸುವುದು, ಹೊಡೆತ, ಇವುಗಳಲ್ಲಿ ಯಾವುದಾದರೂ ಆಗುತ್ತದೆ ಎಂದರೆ ಅದು ಹತೋಟಿ. ಕಾಲೇಜು ಹುಡುಗಿಯಿಂದ ಲೈವ್ ಲೊಕೇಶನ್ ಕೇಳುವ ಪ್ರೇಮಿಗೂ ಇದೇ ಪರೀಕ್ಷೆ. ಒಂದು ದಿನ ಕಳಿಸದೆ ನೋಡಿದರೆ ಪ್ರೀತಿಯೋ ಪಹರೆಯೋ ಅವನ ಮುಖದಲ್ಲೇ ಗೊತ್ತಾಗುತ್ತದೆ.

ಅಮೆರಿಕದ ಸಮಾಜ ವಿಜ್ಞಾನಿ ಇವಾನ್ ಸ್ಟಾರ್ಕ್ 2007ರ ತಮ್ಮ ಪುಸ್ತಕದಲ್ಲಿ, ಹೊಡೆತಗಳನ್ನು ಒಂದೊಂದಾಗಿ ಎಣಿಸಿದರೆ ಮನೆಯ ಹಿಂಸೆ ಅರ್ಥವಾಗುವುದಿಲ್ಲ, ಉಡುಗೆ, ಓಡಾಟ, ದುಡ್ಡು, ಸಂಬಂಧಗಳ ಮೇಲೆ ದಿನವೂ ಬಿಗಿಯುವ ಹಿಡಿತವನ್ನು ನೋಡಬೇಕು ಎಂದು ವಾದಿಸಿದರು. ಇಂಗ್ಲೆಂಡ್ 2015ರಲ್ಲಿ ಅಂಥ ಹಿಡಿತವನ್ನೇ ಅಪರಾಧ ಮಾಡಿತು. 2018ರಲ್ಲಿ ಅಲ್ಲಿನ ಒಬ್ಬ ಗಂಡ ಜೈಲಿಗೆ ಹೋದ. ದೂರವಾಗಿದ್ದ ಹೆಂಡತಿಯ ಮನೆಯಲ್ಲಿ ದೀಪ, ಹೀಟರ್ ನಿಯಂತ್ರಿಸಲು ಗೋಡೆಗೆ ಹಾಕಿದ್ದ ಐಪ್ಯಾಡಿನ ಮೈಕಿನ ಮೂಲಕ ಅವನು ಅವಳ ಮಾತು ಕೇಳುತ್ತಿದ್ದ. ಅವನು ಬೀಗ ಮುರಿಯಬೇಕಾಗಿರಲಿಲ್ಲ. ಮನೆ ಬಿಟ್ಟಿದ್ದರೂ ಆ ವ್ಯವಸ್ಥೆಯೊಳಗೆ ಹೋಗುವ ದಾರಿ ಅವನ ಫೋನಿನಲ್ಲೇ ಇತ್ತು.

ಕಾನೂನು ಏನನ್ನುತ್ತದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಮನೆಯ ಹೊಸ್ತಿಲು ದಾಟಿ ಒಳಗೂ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಒಂದೊಂದಾಗಿ ಬರುತ್ತಿದೆ.

ಕೂಡು ಕುಟುಂಬಗಳಿರುವ ನಮ್ಮ ಊರಿಗೆ ಬಹಳ ಹತ್ತಿರದ್ದು ಕೋಲ್ಕತ್ತದ ಒಂದು ಪ್ರಕರಣ. ಒಂದೇ ಮನೆಯಲ್ಲಿರುವ ಅಣ್ಣತಮ್ಮಂದಿರಲ್ಲಿ ಒಬ್ಬರು ವಾಸದ ಭಾಗದೊಳಗೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಸಿಸಿ ಕ್ಯಾಮರಾ ಹಾಕಿಸಿದ್ದರು. ಜೊತೆಯಲ್ಲಿ ವಾಸಿಸುವವರ ಒಪ್ಪಿಗೆಯಿಲ್ಲದೆ ಮನೆಯೊಳಗೆ ಕ್ಯಾಮರಾ ನಡೆಸುವುದು ಅವರ ಖಾಸಗಿತನದ ಉಲ್ಲಂಘನೆ ಎಂದು 2025ರ ಫೆಬ್ರವರಿಯಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲು ಒಪ್ಪಲಿಲ್ಲ. 'ನನ್ನ ಮನೆ, ನನ್ನ ದುಡ್ಡು, ನನ್ನ ಕ್ಯಾಮರಾ' ಎನ್ನುವವರಿಗೆ ಇದನ್ನು ತೋರಿಸಬಹುದು.

ನಮ್ಮದೇ ಹೈಕೋರ್ಟಿನ ಇನ್ನೊಂದು ತೀರ್ಪು ಹುಬ್ಬಳ್ಳಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಬಂತು. ಜೀವನಾಂಶ ಕೊಡದೆ ತಲೆ ಮರೆಸಿಕೊಂಡ ಗಂಡನ ವಿಳಾಸವನ್ನು ಅವರು ಆಧಾರ್ ಪ್ರಾಧಿಕಾರದಿಂದ ಕೇಳಿದ್ದರು. ಆಕೆಯ ಕಷ್ಟ ನಿಜವಾದದ್ದೇ. ಆದರೂ ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿ ವಿವರದ ಹಕ್ಕು ಕರಗಿಹೋಗುವುದಿಲ್ಲ, ಗಂಡನ ಮಾತನ್ನೂ ಕೇಳಬೇಕು ಎಂದು 2023ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಹೇಳಿತು. ಗಂಡನ ವಿಳಾಸಕ್ಕೆ ಇರುವ ಮರ್ಯಾದೆ ಹೆಂಡತಿಯ ಫೋನಿಗೂ ಇರಬೇಕಲ್ಲವೇ?

ಇದರ ಎದುರಿಗೆ 2025ರ ಜುಲೈ 14ರ ಸುಪ್ರೀಂ ಕೋರ್ಟ್ ತೀರ್ಪನ್ನು ಬಹಳ ಜನ ತಪ್ಪಾಗಿ ಓದುತ್ತಿದ್ದಾರೆ. ಹೆಂಡತಿಗೆ ತಿಳಿಯದಂತೆ ರೆಕಾರ್ಡ್ ಮಾಡಿದ ಫೋನ್ ಮಾತನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬಹುದು ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಹೇಳಿತು. ಅದು ಸಾಕ್ಷ್ಯ ಕಾಯ್ದೆಯ ಪ್ರಶ್ನೆ. ಗಂಡಹೆಂಡಿರು ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತ ಮುಟ್ಟಿದ್ದರೆ ಆ ಸಂಬಂಧ ಆಗಲೇ ಮುರಿದಿದೆ ಎಂದೂ ಆ ಪೀಠ ಹೇಳಿದೆ. ಮನೆ ತುಂಬ ಮೈಕು ಇಡಲು ಅದು ಕೊಟ್ಟ ಪರವಾನಗಿ ಅಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇಲ್ಲಿ ನೆರವಾಗುವುದಿಲ್ಲ. ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆಯ ಉಪಯೋಗಕ್ಕೆ ಬಳಸುವ ಮಾಹಿತಿಯನ್ನು ಅದು ಹೊರಗಿಟ್ಟಿದೆ. ಕೆಲಸಕ್ಕೆ ಬರುವುದು ಬೇರೆ ಕಾಯ್ದೆಗಳು. ಬಟ್ಟೆ ಬದಲಿಸುವಂಥ ಖಾಸಗಿ ಗಳಿಗೆಯಲ್ಲಿ ಹೆಂಗಸನ್ನು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ, ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ ಶಿಕ್ಷೆ. ಹೆಂಗಸಿನ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು 78ನೇ ಕಲಮಿನ ಹಿಂಬಾಲಿಕೆಯೊಳಗೆ ಬರುತ್ತದೆ. ಮೋಸದಿಂದ ಇನ್ನೊಬ್ಬರ ಪಾಸ್‌ವರ್ಡ್ ಬಳಸುವುದು ಐಟಿ ಕಾಯ್ದೆಯ 66ಸಿ ಕಲಮಿಗೆ ಬರುತ್ತದೆ.

ಆದರೆ ಮನೆಯೊಳಗಿನ ಹೆಂಗಸಿಗೆ ಎಲ್ಲಕ್ಕಿಂತ ಹತ್ತಿರದ ಬಾಗಿಲು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಅದರಲ್ಲಿ ಹಿಂಸೆ ಎಂದರೆ ಹೊಡೆತ ಮಾತ್ರವಲ್ಲ, ಮಾತಿನ, ಭಾವನೆಯ, ಹಣಕಾಸಿನ ಹಿಂಸೆಯೂ ಸೇರಿದೆ. ಕಾಯ್ದೆಯ ನಿಯಮಗಳ ಜೊತೆಗಿರುವ ದೂರಿನ ನಮೂನೆಯಲ್ಲಿ ಮನೆಯಿಂದ ಹೊರಗೆ ಹೋಗದಂತೆ ತಡೆಯುವುದು, ನಿರ್ದಿಷ್ಟ ವ್ಯಕ್ತಿಯನ್ನು ಭೇಟಿಯಾಗದಂತೆ ತಡೆಯುವುದು ಎಂಬ ಸಾಲುಗಳೇ ಇವೆ. ಕ್ಯಾಮರಾದಿಂದ ನಡೆಯುವುದು ಬಹಳ ಸಲ ಇದೇ ತಡೆ. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶದಲ್ಲಿ ಯಾವುದೇ ನಿರ್ದಿಷ್ಟ ಕೃತ್ಯವನ್ನು ನಿಲ್ಲಿಸುವಂತೆ ಸೇರಿಸಲು ಅವಕಾಶವಿದೆ. ಹಾಗಾಗಿ ಒಳಗಿನ ಕ್ಯಾಮರಾ ತೆಗೆಸಬೇಕು, ಮೈಕು ಬಂದ್ ಮಾಡಿಸಬೇಕು, ನನ್ನ ಖಾತೆಗಳ ತಂಟೆಗೆ ಬರಬಾರದು ಎಂದು ಅರ್ಜಿಯಲ್ಲಿ ಬಿಡಿಸಿ ಕೇಳಿ. ಕೇಳದಿದ್ದರೆ ಆದೇಶದಲ್ಲಿ ಅದು ಬರುವುದಿಲ್ಲ. ಆದೇಶ ಮೀರಿದರೆ ಒಂದು ವರ್ಷದ ತನಕ ಜೈಲು, 20,000 ರೂಪಾಯಿ ತನಕ ದಂಡ.

ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬಾರದು

ಪ್ಲಗ್ ಕೀಳಬೇಡಿ. ಕೋಪ ಬಂದಾಗ ಕೈ ಮೊದಲು ಹೋಗುವುದು ಅಲ್ಲಿಗೇ. ಆದರೆ ಈ ಸಾಮಾನುಗಳೆಲ್ಲ ಒಂದೇ ರೀತಿ ಕಟ್ಟಲ್ಪಟ್ಟಿವೆ: ತಪ್ಪಿಸಿಕೊಳ್ಳಲು ಮಾಡಿದ ಪ್ರತಿ ಪ್ರಯತ್ನವೂ ಒಡೆಯರಿಗೆ ತಿಳಿಯುತ್ತದೆ. ಕ್ಯಾಮರಾ ಆರಿದರೆ ಆಫ್‌ಲೈನ್ ಎಂದು ಕಾಣುತ್ತದೆ. ವಾಟ್ಸಾಪಿನಲ್ಲಿ ಅವರ ಕಂಪ್ಯೂಟರನ್ನು ಲಾಗೌಟ್ ಮಾಡಿದರೆ ಅಲ್ಲಿ ಮತ್ತೆ ಕ್ಯೂಆರ್ ಚೌಕ ಬರುತ್ತದೆ. ಲೊಕೇಶನ್ ಶೇರಿಂಗ್ ನಿಲ್ಲಿಸಿದರೆ ನಕ್ಷೆಯಲ್ಲಿ ನಿಮ್ಮ ಚುಕ್ಕೆ ಮಾಯವಾಗುತ್ತದೆ. ಗೂಢಚಾರಿ ಆ್ಯಪ್ ಕಿತ್ತರೆ ವರದಿ ಬರುವುದು ನಿಲ್ಲುತ್ತದೆ. ಹಿಡಿತ ಸಡಿಲವಾಗುತ್ತಿದೆ ಎಂದು ತಿಳಿದ ಗಳಿಗೆಯೇ ಹೊಡೆತ ಬೀಳುವ ಗಳಿಗೆಯೂ ಆಗಬಹುದು. ಆದ್ದರಿಂದ ಮನೆಯಲ್ಲಿ ಭಯವಿದ್ದರೆ ಮೊದಲು ನೆರವಿನವರ ಜೊತೆ ಮಾತು, ಆಮೇಲೆ ಸ್ವಿಚ್ಚು.

ಆ ಮಾತನ್ನು ನಿಮ್ಮ ಫೋನಿನಿಂದ ಆಡಬೇಡಿ. ಅಕ್ಕ, ಗೆಳತಿ, ಕೆಲಸದ ಜಾಗದವರು, ಆಶಾ ಕಾರ್ಯಕರ್ತೆ, ಯಾರ ಫೋನಾದರೂ ಸರಿ, ಕ್ಯಾಮರಾ ಇಲ್ಲದ ಕಡೆ ಕೂತು 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಹೊಡೆತದ ತನಕ ಬಂದಿದ್ದರೆ 112. ಜಿಲ್ಲೆಯ ಸಖಿ ಕೇಂದ್ರ, ಸಾಂತ್ವನ ಕೇಂದ್ರ, ದಾವಣಗೆರೆಯ ಮಹಿಳಾ ಪೊಲೀಸ್ ಠಾಣೆ, ಖಾತೆ ಹ್ಯಾಕ್ ಆಗಿದ್ದರೆ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ ಇವೆ.

ಈ ನಡುವೆ ಒಂದು ನೋಟ್‌ಬುಕ್ ಇಡಿ, ಕಾಗದದ್ದು. ಮನೆಯಲ್ಲಿಡಲು ಭಯವಾದರೆ ತವರಿನಲ್ಲೋ ಗೆಳತಿಯ ಮನೆಯಲ್ಲೋ ಇರಲಿ. ಯಾವ ದಿನ, ಎಷ್ಟು ಗಂಟೆಗೆ, ಕ್ಯಾಮರಾದಿಂದ ಏನು ಹೇಳಿದರು, ಯಾವ ಮಾತು ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲವೋ ಅದು ಹೇಗೆ ಗೊತ್ತಾಗಿತ್ತು, ಬರೆದಿಡಿ. ಕ್ಯಾಮರಾ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂಬ ಫೋಟೊ ಇನ್ನೊಬ್ಬರ ಫೋನಿನಲ್ಲಿರಲಿ.

ಅಪಾಯವಿಲ್ಲ ಎಂದು ಖಾತ್ರಿಯಾದ ಮೇಲೆ, ಅಥವಾ ಆ ಮನೆಯಿಂದ ಹೊರಬಂದ ಮೇಲೆ, ಫೋನಿನ ಕೆಲಸ ಹಿಡಿಯಿರಿ. ವಾಟ್ಸಾಪಿನ ಮೂರು ಚುಕ್ಕೆ ಒತ್ತಿ 'ಲಿಂಕ್ಡ್ ಡಿವೈಸಸ್' ನೋಡಿ, ನಿಮಗೆ ಗೊತ್ತಿಲ್ಲದ್ದನ್ನು ಲಾಗೌಟ್ ಮಾಡಿ. ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ 'ಯುವರ್ ಡಿವೈಸಸ್' ತೆರೆದರೆ ಆ ಖಾತೆ ಯಾವ ಯಾವ ಫೋನಿನಲ್ಲಿ ತೆರೆದಿದೆ ಎಂದು ಕಾಣುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಸಾಲದು, ಅದನ್ನು ವಾಪಸ್ ಪಡೆಯಲು ಕೊಟ್ಟಿರುವ ಫೋನ್ ನಂಬರ್ ಯಾರದೆಂದು ನೋಡಿ. ಅದು ಅವರದೇ ಆಗಿದ್ದರೆ ಐದು ನಿಮಿಷದಲ್ಲಿ ಖಾತೆ ಮತ್ತೆ ಅವರದು. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಫೋಟೊ ಒತ್ತಿ 'ಲೊಕೇಶನ್ ಶೇರಿಂಗ್' ನೋಡಿ. ಸೆಟ್ಟಿಂಗ್ಸ್‌ನ 'ಆಕ್ಸೆಸಿಬಿಲಿಟಿ' ಪಟ್ಟಿಯಲ್ಲಿ ಗುರುತಿಲ್ಲದ ಹೆಸರೇನಾದರೂ ಚಾಲೂ ಇದ್ದರೆ ಅನುಮಾನಿಸಿ, ಗೂಢಚಾರಿ ಆ್ಯಪ್‌ಗಳು ಹೆಚ್ಚಾಗಿ ಆ ಬಾಗಿಲಿನಿಂದಲೇ ಒಳಬರುತ್ತವೆ. ಪ್ಲೇ ಸ್ಟೋರಿನ 'ಪ್ಲೇ ಪ್ರೊಟೆಕ್ಟ್' ಬಂದ್ ಆಗಿದ್ದರೆ, ಬಂದ್ ಮಾಡಿದವರು ಯಾರು ಎಂದು ಕೇಳಿಕೊಳ್ಳಿ. ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿದರೆ ಹೆಚ್ಚಿನವು ಹೋಗುತ್ತವೆ, ಆದರೆ ಸಾಕ್ಷ್ಯವೂ ಹೋಗುತ್ತದೆ. ದೂರು ಕೊಡುವ ಯೋಚನೆಯಿದ್ದರೆ ಫೋನನ್ನು ಹಾಗೆಯೇ ಇಟ್ಟು, ನಿಮ್ಮದೇ ಹೆಸರಿನ ಹೊಸ ಸಿಮ್, ಬೇರೆ ಫೋನು ಹೊಂದಿಸಿಕೊಳ್ಳುವುದು ಮೇಲು. ಬ್ಯಾಂಕಿಗೂ ಆಧಾರಿಗೂ ಆ ನಂಬರನ್ನೇ ಕೊಡಿ. ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಲು ಹಳೆಯ ನಂಬರಿನ ಓಟಿಪಿ ಬೇಡ, ಬೆರಳಚ್ಚು ಸಾಕು.

ಕ್ಯಾಮರಾ ಹಾಕುವ ಅಂಗಡಿಗಳವರಿಗೂ ಒಂದು ಮಾತು. ಏಣಿ ಇಳಿದ ಮೇಲೆ 'ಯಾರ ನಂಬರ್' ಎಂದು ಕೇಳುವಾಗ 'ಮನೇಲಿರೋರ ನಂಬರೂ ಹಾಕ್ತೀನಿ ಸರ್' ಎಂದು ಸೇರಿಸಿ. ಮಲಗುವ ಕೋಣೆಗೆ ಹಾಕಿ ಎಂದರೆ ಆಗುವುದಿಲ್ಲ ಎನ್ನಿ. ಹಾಲ್‌ಗೆ ಹಾಕುವುದಾದರೆ ಮೈಕು ಬಂದ್ ಮಾಡುವ ಗುಂಡಿ ಎಲ್ಲಿದೆ ಎಂದು ಮನೆಯಲ್ಲಿ ಉಳಿಯುವವರಿಗೂ ತೋರಿಸಿ. ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ ಹಾಲ್‌ನ ಕ್ಯಾಮರಾಕ್ಕೆ ಒಂದು ಟವೆಲ್ ಹೊದಿಸುವುದು ಬಂದವರಿಗೆ ಕೊಡುವ ಮರ್ಯಾದೆ.

ಬೇರೆಯಾದ ಮೇಲೆ ಅದೇ ಮನೆಯಲ್ಲಿ ಉಳಿದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕ್ಯಾಮರಾದ ಚಿಕ್ಕ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡಿದರೂ ಅನೇಕ ಕ್ಯಾಮರಾಗಳು ಹಳೆಯ ಖಾತೆಯ ಹೆಸರನ್ನು ಬಿಡುವುದಿಲ್ಲ, ಹಳೆಯ ಒಡೆಯರೇ ತಮ್ಮ ಆ್ಯಪಿನಿಂದ ಅಳಿಸಬೇಕು. ಅವರು ಅಳಿಸದಿದ್ದರೆ ಆ ಕ್ಯಾಮರಾವನ್ನು ಬಿಸಾಕಿ ಹೊಸದು ಕೊಳ್ಳಿ. ರೂಟರಿನ ಪಾಸ್‌ವರ್ಡ್, ಸ್ಮಾರ್ಟ್ ಬೀಗದ ಖಾತೆ, ಟಿವಿಯಲ್ಲಿ ತೆರೆದಿಟ್ಟ ಜಿಮೇಲ್ ಕೂಡ ಮರೆಯಬೇಡಿ.

ಇನ್ನು, ಕೋರ್ಟಿನ ರಕ್ಷಣೆ ಕೇಳುವ ಅರ್ಜಿ ಎಲ್ಲಿ ಕೊಡಬೇಕೆಂಬ ಗೊಂದಲ ಬೇಡ. ಹೆಂಗಸು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿಗೂ ಅರ್ಜಿ ಕೊಡಬಹುದು ಎಂದು 2005ರ ಕಾಯ್ದೆಯ 27ನೇ ಕಲಮು ಹೇಳುತ್ತದೆ. ದಾವಣಗೆರೆಗೆ ಮದುವೆಯಾಗಿ ಹೋಗಿ ಹರಿಹರದ ತವರಿಗೆ ವಾಪಸ್ ಬಂದವಳು ಕ್ಯಾಮರಾ ಇರುವ ಊರಿಗೆ ಅಲೆಯಬೇಕಿಲ್ಲ, ಹರಿಹರದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅಲ್ಲಿ ರಕ್ಷಣಾಧಿಕಾರಿ. ದೂರಿನ ವರದಿ ಬರೆದು ಕೋರ್ಟಿಗೆ ಮುಟ್ಟಿಸುವುದು ಅವರ ಕರ್ತವ್ಯ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇಡಬೇಕೆಂದು ಕಾಯ್ದೆಯಲ್ಲಿದೆ. ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ.